ಹೂ ಮುಗಿದ ಡೇರೆ, ಸೇವಂತಿಗೆ, ಮಲ್ಲಿಗೆ: ಎಲ್ಲಿಗೆ ಕತ್ತರಿಸಲಿ?

ಮೂರನೇಮಹಡಿ (ಬೆಂಗಳೂರು), ಜನವರಿ 4

ನಮಸ್ಕಾರ. ಪ್ರಶ್ನೆ ಚಿಕ್ಕದು, ಕತೆ ಸ್ವಲ್ಪ ಉದ್ದ. ಓದಿ ಮುಗಿಸುವವರೆಗೆ ಬೈಯಬೇಡಿ.

ವಿಜಯನಗರದಲ್ಲಿ ಮೂರನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ತಾರಸಿಯಲ್ಲಿ 23 ಕುಂಡ ಇಟ್ಟುಕೊಂಡಿದ್ದೇನೆ. ಕುಂಡ ಅನ್ನೋದು ದೊಡ್ಡ ಮಾತು, ಅರ್ಧಕ್ಕರ್ಧ ಪೇಂಟ್ ಬಕೆಟ್. ನನ್ನ ತವರು ಸಾಗರದ ಹತ್ತಿರ. ಹಾಗಾಗಿ ಡೇರೆ ಇಲ್ಲದ ಮಳೆಗಾಲ ನನಗೆ ಮಳೆಗಾಲವೇ ಅಲ್ಲ. ಇಲ್ಲಿಯವರು ಡೇಲಿಯಾ ಅಂತಾರೆ. ಅಮ್ಮ ಪ್ರತಿ ಮೇ ತಿಂಗಳು ಗೆಡ್ಡೆಗೆ ಪೇಪರ್ ಸುತ್ತಿ, ಅದರ ಮೇಲೆ ಹಳೆ ಪಂಚೆ ತುಂಡು ಸುತ್ತಿ, ರಾತ್ರಿ ಬಸ್ಸಿಗೆ ಬರುವವರ ಕೈಯಲ್ಲಿ ಕಳಿಸುತ್ತಾಳೆ. ಅದಕ್ಕೇ ಈಗ ನಾಚಿಕೆ. ಅವಳು ಕಳಿಸಿದ್ದರಲ್ಲಿ ಒಂದು ಗೆಡ್ಡೆಯನ್ನೂ ನಾನು ಮರುವರ್ಷಕ್ಕೆ ಉಳಿಸಿಕೊಂಡಿಲ್ಲ.

ಹೋದ ವರ್ಷ ಆಗಿದ್ದು ಹೀಗೆ. ಡಿಸೆಂಬರ್‌ನಲ್ಲಿ ಡೇರೆ ಹೂ ಕಡಿಮೆಯಾಯಿತು. ಗಿಡ ಹಸಿರಾಗೇ ಇತ್ತು, ಆದರೆ ಬಡಕಲಾಗಿ ವಾಲಿತ್ತು. ಹೂ ಮುಗಿದ ಗಿಡವನ್ನು ಬುಡಮಟ್ಟ ಕತ್ತರಿಸಿ ಅಂತ ಮೊಬೈಲಿನಲ್ಲಿ ಯಾರೋ ಹೇಳಿದರು. ಕತ್ತರಿಸಿದೆ. ಪಾಪ, ಗಾಯ ಆಗಿದೆಯಲ್ಲಾ ಅಂತ ದಿನಾ ನೀರೂ ಹಾಕಿದೆ. ಹದಿನೈದು ದಿನ ಬಿಟ್ಟು ಬಕೆಟ್ ಮಗುಚಿದರೆ ಕೊಳೆತ ಗೆಣಸಿನ ವಾಸನೆ. ಗೆಡ್ಡೆಗೆ ಬೆರಳಿಟ್ಟರೆ ಸಿಪ್ಪೆ ಬೇರೆ, ಒಳಗಿನ ಲೋಳೆ ಬೇರೆ. ಅಮ್ಮನಿಗೆ ಇಲಿ ತಿಂದಿತು ಅಂತ ಸುಳ್ಳು ಹೇಳಿದೆ.

ಈ ವರ್ಷ ನಾಲ್ಕು ಬಕೆಟ್ ಡೇರೆ ಇದೆ. ಎಲೆ ಅಂಚಿನಿಂದ ಹಳದಿಯಾಗುತ್ತಾ ಬಂದಿದೆ. ಕತ್ತರಿ ಕೈಯಲ್ಲಿ ಹಿಡಿದು ನಿಂತವಳು ವಾಪಸ್ ಬಂದೆ.

ಸೇವಂತಿಗೆ ಮೂರು ಬಕೆಟ್. ಎರಡರಲ್ಲಿ ಹೂ ಬಂದು ಕಂದಾಗಿ ನಿಂತಿದೆ. ಮೂರನೆಯದು ಎರಡಡಿ ಬೆಳೆದಿದೆ, ಬರೀ ಎಲೆ. ಒಂದು ಮೊಗ್ಗಿಲ್ಲ. ಒಂದೇ ತಾಯಿಗಿಡದ್ದು, ಒಂದೇ ಗೊಬ್ಬರ. ಅದರ ಮೇಲೆ ಯಾರ ಕಣ್ಣು ಬಿತ್ತೋ.

ದುಂಡು ಮಲ್ಲಿಗೆ ಒಂದಿದೆ. ಬೇಸಿಗೆಯಲ್ಲಿ ಚೆನ್ನಾಗಿ ಬಿಟ್ಟಿತ್ತು. ಈಗ ಕಡ್ಡಿಗಳೆಲ್ಲ ಬಳ್ಳಿಯ ಹಾಗೆ ಉದ್ದ ಹೋಗಿ ಪಕ್ಕದ ಮನೆಯ ಕೇಬಲ್ ವೈರ್ ಹಿಡಿದುಕೊಂಡಿವೆ.

ಕೊನೆಯದು ಹೈಡ್ರೇಂಜಿಯಾ. ಮೂರು ವರ್ಷದ ಹಿಂದೆ ಮಡಿಕೇರಿಗೆ ಹೋದಾಗ ತಂದಿದ್ದು. ತಂದಾಗ ನೀಲಿ ಹೂವಿನ ಎರಡು ಚೆಂಡಿತ್ತು. ಆಮೇಲೆ ಇಲ್ಲ. ಪ್ರತಿ ಸಂಕ್ರಾಂತಿ ಹೊತ್ತಿಗೆ ನಾನು ನೀಟಾಗಿ ಸವರುತ್ತೇನೆ. ಅದೂ ನೀಟಾಗಿ ಎಲೆ ಬಿಡುತ್ತದೆ.

ನಮ್ಮ ಅತ್ತೆಯವರದು ಒಂದೇ ಮಾತು: "ಹೂ ಕೊಟ್ಟ ಗಿಡಕ್ಕೆ ಕತ್ತರಿ ಹಾಕೋದಾ? ಶುಕ್ರವಾರ ಅಂತೂ ಮುಟ್ಟಲೇ ಬೇಡ." ಯಜಮಾನರು ಅದೂ ಇಲ್ಲ, ಇದೂ ಇಲ್ಲ, ಕಾಫಿ ಕುಡಿಯುತ್ತಾ ಕೂತಿದ್ದಾರೆ. ಯಾವುದನ್ನು, ಎಷ್ಟು, ಯಾವಾಗ ಕತ್ತರಿಸಬೇಕು? ಮಾಡಿ ನೋಡಿದವರು ಹೇಳಿ.

ಹಿತ್ತಿಲುಬಾಗಿಲು (ಸಾಗರ ತಾಲ್ಲೂಕು), ಜನವರಿ 4

ತಂಗಿ, ತವರು ಸಾಗರ ಅಂದ ಮೇಲೆ ಸುಮ್ಮನಿರಲಾಗಲಿಲ್ಲ. ಇಲಿ ತಿಂದಿತು ಅನ್ನುವ ಸುಳ್ಳು ನಿಮ್ಮಮ್ಮನಿಗೆ ಆವತ್ತೇ ಗೊತ್ತಾಗಿರುತ್ತದೆ. ನಮ್ಮ ಮಗಳೂ ಇದೇ ಹೇಳಿದ್ದಳು.

ಮೊದಲು ಡೇರೆ. ಅದರ ದಂಟನ್ನು ಅಡ್ಡ ಕತ್ತರಿಸಿ ನೋಡು, ಒಳಗೆ ಟೊಳ್ಳು. ಪಪ್ಪಾಯಿ ಎಲೆ ದಂಟಿನ ಹಾಗೆ. ನೀನು ಬುಡಮಟ್ಟ ಕತ್ತರಿಸಿದಾಗ ಆ ಕೊಳವೆಯ ಬಾಯಿ ಮಣ್ಣಿನ ಮಟ್ಟಕ್ಕೆ ಬಂತು. ಮೇಲಿಂದ ಹಾಕಿದ ನೀರು ಸೀದಾ ಒಳಗೆ ಇಳಿದು ಗೆಡ್ಡೆಗಳ ನಡುವೆ ನಿಂತಿತು. ಕೊಳೆಯದೆ ಇನ್ನೇನಾಗಬೇಕು?

ಇನ್ನೊಂದು ವಿಷಯ. ಗಿಡ ಹಸಿರಾಗಿದೆ ಅಂದರೆ ಎಲೆ ಇನ್ನೂ ಗೆಡ್ಡೆಗೆ ಊಟ ಕಳಿಸುತ್ತಿದೆ ಅಂತ. ಹೂ ಮುಗಿದ ಮೇಲಿನ ಆ ಮೂರು ನಾಲ್ಕು ವಾರದಲ್ಲೇ ಗೆಡ್ಡೆ ಗಟ್ಟಿಯಾಗೋದು. ನೋಡಲು ಚೆಂದ ಇರುವುದಿಲ್ಲ, ಹೌದು. ಮೂಲೆಗೆ ಇಟ್ಟುಬಿಡು. ಎಲೆ ಹಳದಿಯಾಗಲು ಶುರುವಾದ ಮೇಲೆ ನೀರು ಕಡಿಮೆ ಮಾಡು. ಮುಕ್ಕಾಲು ಪಾಲು ಒಣಗಿದ ಮೇಲೆ ನೀರು ಪೂರ್ತಿ ನಿಲ್ಲಿಸು. ಆಮೇಲೆ ಮಣ್ಣಿನಿಂದ ಒಂದು ಗೇಣು ಬಿಟ್ಟು ಕತ್ತರಿಸು. ಆ ಗೇಣು ದಂಟು ಹಿಡಿಕೆ ಇದ್ದ ಹಾಗೆ. ಗೆಡ್ಡೆ ಎತ್ತಲಿಕ್ಕೂ ಬೇಕು, ಬಣ್ಣದ ಗುರುತು ಕಟ್ಟಲಿಕ್ಕೂ ಬೇಕು.

ಎತ್ತುವಾಗ ಕೈ ಮೆತ್ತಗಿರಲಿ. ಡೇರೆ ಗೆಡ್ಡೆಗೆ ಕುತ್ತಿಗೆ ಅಂತ ಒಂದಿದೆ. ಗೆಡ್ಡೆ ದಪ್ಪಗಿರುತ್ತದೆ, ಹಳೆ ದಂಟಿಗೆ ಸೇರುವಲ್ಲಿ ಪೆನ್ಸಿಲ್‌ನಷ್ಟು ಸಪೂರ ಆಗುತ್ತದೆ. ಮೊಳಕೆಯ ಕಣ್ಣು ಇರುವುದು ಗೆಡ್ಡೆಯ ಮೈಮೇಲೆ ಅಲ್ಲ, ಆ ಕುತ್ತಿಗೆ ದಂಟಿಗೆ ಅಂಟಿದ ಜಾಗದಲ್ಲಿ. ಆಲೂಗಡ್ಡೆ ಹಾಗೆ ಎಲ್ಲಿ ಬೇಕಾದರೂ ಮೊಳೆಯುತ್ತದೆ ಅಂದುಕೊಂಡು ಒಂದೊಂದೇ ಗೆಡ್ಡೆ ಮುರಿದು ಹಂಚುವವರಿದ್ದಾರೆ. ನನಗೂ ಒಬ್ಬರು ಹಾಗೆ ಐದು ಗೆಡ್ಡೆ ಕೊಟ್ಟಿದ್ದರು. ಒಳ್ಳೆ ಮೂಲಂಗಿಯ ಹಾಗೆ ದಪ್ಪ ದಪ್ಪ. ಆಗಸ್ಟ್‌ನಲ್ಲಿ ಅಗೆದು ನೋಡಿದರೆ ಐದೂ ಹಾಗೇ ಇವೆ, ಬೇರು ಬಿಟ್ಟಿವೆ, ಮೊಳಕೆ ಮಾತ್ರ ಇಲ್ಲ. ಅದಕ್ಕೆ ಈಗ ಬಿಡಿಸಬೇಡ. ಗೊಂಚಲು ಗೊಂಚಲಾಗೇ ಇಡು. ಮೇ ತಿಂಗಳಲ್ಲಿ ಕಣ್ಣು ಕೆಂಪಗೆ ಉಬ್ಬಿ ಕಂಡ ಮೇಲೆ, ಪ್ರತಿ ಗೆಡ್ಡೆಗೂ ಒಂದು ಕಣ್ಣು ಬರುವ ಹಾಗೆ ಚೂರಿಯಲ್ಲಿ ದಂಟನ್ನು ಸೇರಿಸಿ ಸೀಳು.

ಎತ್ತಿದ ಮೇಲೆ ಗೊಂಚಲನ್ನು ತಲೆಕೆಳಗೆ ಮಾಡಿ ನೆರಳಲ್ಲಿ ನಾಲ್ಕು ದಿನ ಇಡು. ದಂಟಿನೊಳಗಿನ ನೀರು ಸೋರಿ ಹೋಗುತ್ತದೆ. ನಮ್ಮ ಅತ್ತೆಯವರ ಕಾಲದಲ್ಲಿ ಬುಟ್ಟಿಗೆ ಬಚ್ಚಲ ಒಲೆಯ ಬೂದಿ ಹಾಕಿ, ಅದರಲ್ಲಿ ಗೆಡ್ಡೆ ಹುಗಿದು, ಅಟ್ಟಕ್ಕೆ ಏರಿಸುತ್ತಿದ್ದರು. ನಿನಗೆ ಬೂದಿ ಎಲ್ಲಿ ಸಿಗಬೇಕು. ಒಣ ಮರಳು ಆಗುತ್ತದೆ, ಒಣ ತೆಂಗಿನ ನಾರಿನ ಪುಡಿ ಆಗುತ್ತದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಮಾತ್ರ ಕಟ್ಟಿಡಬೇಡ, ಬೆವರಿ ಬೂಸ್ಟು ಹಿಡಿಯುತ್ತದೆ. ತಿಂಗಳಿಗೊಮ್ಮೆ ಮುಟ್ಟಿ ನೋಡು. ಮೆತ್ತಗಾದದ್ದು ಇದ್ದರೆ ಅದನ್ನು ತೆಗೆದುಹಾಕು.

ಬಣ್ಣಕ್ಕೆ ನಾನು ಬ್ಲೌಸ್ ಹೊಲಿದು ಉಳಿದ ಬಟ್ಟೆ ಕಟ್ಟುತ್ತೇನೆ. ಕೆಂಪು ಡೇರೆಗೆ ಕೆಂಪು ಚೂರು. ಒಂದು ವರ್ಷ ಸೋಮಾರಿತನದಲ್ಲಿ ಕಟ್ಟಲಿಲ್ಲ. ಇಡೀ ಅಂಗಳ ಒಂದೇ ನೇರಳೆ. ಬಿಳಿ ಡೇರೆಯೆಲ್ಲ ಗುರುತಿಲ್ಲದೆ ನೆಂಟರ ಮನೆ ಸೇರಿತ್ತು!

ಮುಂದಿನ ಸಲಕ್ಕೆ ಒಂದು ಕಿವಿಮಾತು. ಹೂವಿನ ಕಾಲದಲ್ಲೇ ಬಾಡಿದ್ದನ್ನು ಕೀಳುತ್ತಾ ಇರಬೇಕು. ಇಲ್ಲವಾದರೆ ಬೀಜ ಕಟ್ಟಲು ಹೋಗಿ ಮೊಗ್ಗು ನಿಲ್ಲಿಸುತ್ತದೆ. ಡೇರೆಯಲ್ಲಿ ಮೊಗ್ಗು ಯಾವುದು, ದಳ ಉದುರಿದ ಹೂ ಯಾವುದು ಅಂತ ಹೊಸಬರಿಗೆ ಗೊಂದಲ. ಮೊಗ್ಗು ಗುಂಡಗೆ ಗಟ್ಟಿ, ಅಂಗಿಯ ಗುಂಡಿಯ ಹಾಗೆ. ಮುಗಿದದ್ದು ಮೊನಚಾಗಿ ಮೆತ್ತಗಿರುತ್ತದೆ, ಹಿಂಡಿದರೆ ನೀರು ಬರುತ್ತದೆ. ತಲೆ ಮಾತ್ರ ಚಿವುಟಬೇಡ, ಕೆಳಗಿನ ಜೋಡಿ ಎಲೆಯವರೆಗೂ ಕತ್ತರಿಸು. ಅಲ್ಲಿಂದ ಎರಡು ಕವಲು ಬರುತ್ತದೆ.

ಸೇವಂತಿಗೆಯದು ಬೇರೆ ಲೆಕ್ಕ. ಅದನ್ನು ಧೈರ್ಯವಾಗಿ ಕತ್ತರಿಸು. ಬುಡದಲ್ಲಿ ಎಲೆ ಸರಿಸಿ ನೋಡು, ಮಣ್ಣಿನಿಂದ ಸಣ್ಣ ಸಣ್ಣ ಹಿಳ್ಳು ಎದ್ದಿರಬೇಕು. ನಿಮ್ಮ ಬೆಂಗಳೂರಲ್ಲಿ ಮರಿ ಅಂತಾರೆ. ಮುಂದಿನ ವರ್ಷದ ಹೂ ಬರುವುದು ಆ ಮರಿಯಿಂದ, ಈ ಕಂದಾದ ಕಡ್ಡಿಯಿಂದಲ್ಲ. ಮೂರು ನಾಲ್ಕು ಬೆರಳು ಬಿಟ್ಟು ಕಡ್ಡಿ ಎಲ್ಲ ತೆಗೆದುಬಿಡು, ಮರಿಗೆ ಬಿಸಿಲು ಬೀಳಲಿ. ಶಿವರಾತ್ರಿ ಹೊತ್ತಿಗೆ ಬೇರು ಸಮೇತ ಬಿಡಿಸಿ ಬೇರೆ ನೆಡು. ತಾಯಿಬುಡ ಕಟ್ಟಿಗೆಯಾಗಿರುತ್ತದೆ, ಅದನ್ನು ಗೊಬ್ಬರದ ಗುಂಡಿಗೆ ಹಾಕು. ಬೇಸಿಗೆಯ ಮಧ್ಯಾಹ್ನದ ಬಿಸಿಲಿನಿಂದ ಮರಿಗಳನ್ನು ಕಾಪಾಡಿದರೆ ಸಾಕು. ಮಳೆ ಹಿಡಿದ ಮೇಲೆ ಕುಡಿ ಚಿವುಟು, ಕವಲೊಡೆದ ಮೇಲೆ ಇನ್ನೊಮ್ಮೆ ಚಿವುಟು. ಗಣಪತಿ ಹಬ್ಬದ ಹೊತ್ತಿಗೆ ಚಿವುಟೋದು ನಿಲ್ಲಿಸಬೇಕು. ಆಮೇಲೆ ಚಿವುಟಿದರೆ ಮೊಗ್ಗೇ ಕೈಗೆ ಬರುತ್ತದೆ.

ಮೂರನೇ ಬಕೆಟ್ ಯಾಕೆ ಹೂ ಬಿಡಲಿಲ್ಲ ಅನ್ನೋದು ನನಗೆ ತಿಳಿಯಲಿಲ್ಲ.

ನಂದಿಬೆಟ್ಟದಕೆಳಗೆ (ಚಿಕ್ಕಬಳ್ಳಾಪುರ), ಜನವರಿ 4

ಅಕ್ಕಾ, ಆ ಮೂರನೇ ಬಕೆಟ್ ಹತ್ತಿರ ರಾತ್ರಿ ಲೈಟ್ ಉರಿಯುತ್ತಾ?

ಮೂರನೇಮಹಡಿ, ಜನವರಿ 4

ಹೌದು! ಪಕ್ಕದ ಮನೆಯವರು ಕಳ್ಳರ ಭಯಕ್ಕೆ ತಾರಸಿಯಲ್ಲಿ ಎಲ್‌ಇಡಿ ಹಾಕಿದ್ದಾರೆ. ರಾತ್ರಿಯಿಡೀ ಹಗಲಿನ ಹಾಗೆ. ಸೀದಾ ಆ ಬಕೆಟ್ ಮೇಲೇ ಬೀಳುತ್ತದೆ. ನಿಮಗೆ ಹೇಗೆ ಗೊತ್ತಾಯಿತು?

ನಂದಿಬೆಟ್ಟದಕೆಳಗೆ (ಚಿಕ್ಕಬಳ್ಳಾಪುರ), ಜನವರಿ 5

ನಮ್ಮ ಮನೇಲಿ ಸೇವಂತಿಗೆ ಬೆಳೆಯುತ್ತೇವೆ ಅಕ್ಕಾ. ರಾತ್ರಿ ಉದ್ದ ಆದಾಗ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಕತ್ತಲಿನ ನಡುವೆ ಬೆಳಕು ಬಿದ್ದರೆ ಇನ್ನೂ ಬೇಸಿಗೆ ಅಂದುಕೊಂಡು ಎಲೆ ಬೆಳೆಸುತ್ತಾ ಇರುತ್ತದೆ. ನಮ್ಮ ಕಡೆ ರಾತ್ರಿ ಬಸ್ಸಲ್ಲಿ ಬಂದಿದ್ದರೆ ನೋಡಿರುತ್ತೀರಿ, ಹೊಲದ ತುಂಬಾ ಮದುವೆ ಮನೆ ಹಾಗೆ ಬಲ್ಬು. ಹೂ ಬೇಗ ಬರದ ಹಾಗೆ ತಡೆದು, ಗಿಡ ಎತ್ತರ ಮಾಡಿಕೊಂಡು, ಹಬ್ಬದ ರೇಟ್‌ಗೆ ಸರಿಯಾಗಿ ಆರಿಸುತ್ತೇವೆ. ನಿಮ್ಮ ಪಕ್ಕದ ಮನೆಯವರು ಅದನ್ನು ಫ್ರೀಯಾಗಿ ಮಾಡಿಕೊಟ್ಟಿದ್ದಾರೆ, ಆರಿಸೋದು ಮರೆತಿದ್ದಾರೆ ಅಷ್ಟೇ.

ಬಕೆಟ್ಟನ್ನು ನೀರಿನ ಟ್ಯಾಂಕ್ ಹಿಂದೆ ಕತ್ತಲೆ ಇರುವ ಕಡೆ ಎಳೆದು ಇಡಿ. ರಾತ್ರಿ ಇನ್ನೂ ಉದ್ದ ಇದೆ. ಬೇಗ ಮಾಡಿದರೆ ತಡವಾಗಿಯಾದರೂ ಮೊಗ್ಗು ಬರಬಹುದು. ಅದನ್ನು ಈಗ ಕತ್ತರಿಸಬೇಡಿ.

ಚಾಟನಿ (ವಿಜಯಪುರ ಜಿಲ್ಲೆ), ಜನವರಿ 5

ನಮಸ್ಕಾರ್ರೀ. ನಂದು ದ್ರಾಕ್ಷಿ ತೋಟ. ಹೂವಿನ ವಿಷಯ ಅಷ್ಟಕ್ಕಷ್ಟೇ, ಆದರೆ ಕತ್ತರಿ ವಿಷಯದಾಗ ನಲವತ್ತು ವರ್ಷ ಕಳೆದೇನಿ. ಅದಕ್ಕ ಎರಡು ಮಾತು.

ನಮ್ಮ ಕಡೆ ಇದಕ್ಕೆ ಚಾಟನಿ ಅಂತೀವಿ. ವರ್ಷಕ್ಕೆ ಎರಡು ಸಲ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಏಪ್ರಿಲ್‌ನಲ್ಲಿ ನೋಡಿದರೆ ಹೊಸಬರು ಗಾಬರಿ ಆಗಬೇಕು, ಒಂದು ಎರಡು ಕಣ್ಣು ಬಿಟ್ಟು ಎಲ್ಲಾ ಬೋಳಿಸುತ್ತೇವೆ. ಅದು ಹೊಸ ಕಡ್ಡಿ ಬರಲಿ ಅಂತ. ಆ ಕಡ್ಡಿ ಬಲಿಯುವಾಗ ಅದರ ಕಣ್ಣೊಳಗೆ ಮುಂದಿನ ಗೊನೆ ಕೂತಿರುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಅಕ್ಟೋಬರ್‌ನಲ್ಲಿ ಗೊನೆ ಯಾವ ಕಣ್ಣಿನಲ್ಲಿ ಐತಿ ಅಂತ ಎಣಿಸಿ, ಅದರ ಮೇಲೆ ಕತ್ತರಿ ಇಡಬೇಕು. ಕೆಳಗೆ ಇಟ್ಟರೆ ಮುಗೀತು. ಬಳ್ಳಿ ಹಸಿರಾಗಿ ನಗತದ, ಬಳ್ಳಿ ತುಂಬಾ ಹುಡುಕಿದರೂ ಗೊನೆ ಸಿಗಂಗಿಲ್ಲ. ನಾನು ಹೊಸದಾಗಿ ಕತ್ತರಿ ಹಿಡಿದ ವರ್ಷ ಎರಡು ಸಾಲು ಹಂಗ ಮಾಡಿ ಅಪ್ಪನ ಕಡೆ ಬೈಸಿಕೊಂಡೀನಿ.

ನಿಮ್ಮ ಆ ಹೈಡ್ರೇಂಜಿಯಾ ನಾನು ಕಣ್ಣಾರೆ ನೋಡಿಲ್ಲರಿ. ಆದರೆ ನೀವು ಬರೆದಿದ್ದು ಓದಿದರೆ ಅದರ ಹೂ ಹಳೆ ಕಡ್ಡಿಯ ಕಣ್ಣಿನಾಗ ಇರಬೇಕು. ನೀವು ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೋಡಿ ಅದನ್ನೂ ಹಂಚಿಬಿಟ್ಟೀರಿ. ತಿಳಿದವರು ಹೇಳಲಿ.

ಗುಲಾಬಿ ನೀವು ಕೇಳಿಲ್ಲ, ಆದರೂ ಹೇಳತೀನಿ, ಯಾಕಂದರೆ ನಮ್ಮ ಮನೆಯವಳು ಹಿತ್ತಲದಾಗ ಹಾಕಿದ್ದಾಳೆ. ಅದು ಹೊಸ ಚಿಗುರಿನ ತುದಿಗೆ ಹೂ ಬಿಡುವ ಜಾತಿ. ದಸರಾ ಮುಗಿದು ಮಳೆ ಹಿಂದೆ ಸರಿದ ಮೇಲೆ ಕತ್ತರಿಸಿದರೆ ಒಂದೂವರೆ ಎರಡು ತಿಂಗಳಿಗೆ ಹೂ. ಹೊರಗೆ ಮುಖ ಮಾಡಿದ ಕಣ್ಣು ನೋಡಿ, ಅದರ ಕಾಲು ಇಂಚು ಮೇಲೆ, ಓರೆಯಾಗಿ. ಒಳಗೆ ಮುಖ ಮಾಡಿದ ಕಣ್ಣಿಗೆ ಬಿಟ್ಟರೆ ಕಡ್ಡಿ ಎಲ್ಲಾ ನಡುವೆ ಬಂದು ಜಗಳ ಆಡತಾವ. ಕಸಿ ಕಟ್ಟಿದ ಗಂಟಿನ ಕೆಳಗಿಂದ ಬಂದ ಕಡ್ಡಿ ಇದ್ದರೆ ಬುಡದಿಂದ ಕಿತ್ತು ಹಾಕಿರಿ. ಅದು ಕಾಡು ಗುಲಾಬಿ, ಮೇಲಿನದನ್ನು ನುಂಗತದ.

ಮಲ್ಲಿಗೆಯೂ ಹೊಸ ಚಿಗುರಿನದೇ. ಮೊಣಕಾಲಿನ ಕೆಳಗೆ ಬೋಳಿಸಿಬಿಡ್ರಿ. ಅಂಜಬ್ಯಾಡ್ರಿ.

ಬಾಳೆನಾರು (ಉಡುಪಿ ಜಿಲ್ಲೆ), ಜನವರಿ 6

ಚಾಟನಿಯವರೇ, ನಿಮ್ಮ ಮಾತು ಸರಿ. ಆದರೆ ಅದು ನೆಲದಲ್ಲಿರುವ ಗಿಡಕ್ಕೆ. ಪೇಂಟ್ ಬಕೆಟಿನ ಗಿಡಕ್ಕೆ ಬೇರು ಎಷ್ಟು ಉಂಟು ಮಾರಾಯ್ರೇ? ಒಮ್ಮೆಲೇ ಬೋಳಿಸಿದರೆ ಚಿಗುರಲು ಶಕ್ತಿ ಸಾಲದೆ ಕಡ್ಡಿ ಮೇಲಿಂದ ಒಣಗುತ್ತಾ ಬರುತ್ತದೆ. ನನ್ನ ತಾರಸಿಯಲ್ಲಿ 12 ಕುಂಡ ಮಲ್ಲಿಗೆ ಉಂಟು. ಮಲ್ಲಿಗೆಗೆ ಹೆಸರಾದ ನಮ್ಮ ಶಂಕರಪುರದ ಕಡೆಯಿಂದಲೇ ತಂದ ಗಿಡ. ಎರಡು ಕುಂಡ ಹಾಗೆಯೇ ಕಳೆದುಕೊಂಡು ಕಲಿತದ್ದು.

ನಾನು ಮಾಡುವುದು ಹೀಗೆ. ಮೊದಲು ಒಣಗಿದ ಕಡ್ಡಿ, ಸಪೂರ ಕಡ್ಡಿ, ಒಳಗೆ ಒಂದಕ್ಕೊಂದು ಹೆಣೆದುಕೊಂಡ ಕಡ್ಡಿ, ಇಷ್ಟನ್ನು ಬುಡದಿಂದ ತೆಗೆಯುತ್ತೇನೆ. ಅಷ್ಟಕ್ಕೇ ಗಿಡ ಅರ್ಧ ಆಗುತ್ತದೆ. ಉಳಿದ ಗಟ್ಟಿ ಕಡ್ಡಿಗಳನ್ನು ಒಂದೂವರೆ ಅಡಿಗೆ ನಿಲ್ಲಿಸುತ್ತೇನೆ. ಕತ್ತರಿಸುವ ಮೂರು ನಾಲ್ಕು ದಿನ ಮೊದಲು ನೀರು ಕಡಿಮೆ. ಕತ್ತರಿಸಿದ ಮೇಲೆ ಮಣ್ಣು ಕೆದಕಿ, ಎರಡು ಬೊಗಸೆ ಹಟ್ಟಿಗೊಬ್ಬರ, ಒಂದು ಮುಷ್ಟಿ ನೆಲಗಡಲೆ ಹಿಂಡಿ. ಹಿಂಡಿಯನ್ನು ನೀರಲ್ಲಿ ಎರಡು ದಿನ ನೆನೆಸಿ ತೆಳು ಮಾಡಿ ಹಾಕುವುದು. ವಾಸನೆ ಬರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ಹೇಗೂ ಲೈಟಿನ ವಿಷಯ ಮಾತಾಡಲು ಉಂಟಲ್ಲ.

ಸಮಯ ಮುಖ್ಯ. ಜನವರಿ ಮುಗಿಯುವುದರ ಒಳಗೆ ಮಾಡಿ. ಫೆಬ್ರವರಿ ಕೊನೆಗೆ ಕತ್ತರಿ ಹಿಡಿದರೆ ಮಾರ್ಚ್‌ನ ಮೊದಲ ಹೂ ನಿಮ್ಮ ಕೈಯಾರೆ ಕತ್ತರಿಸಿದ ಹಾಗೆ. ಆಮೇಲೆ ಬೇಸಗೆಯಲ್ಲಿ ಒಂದೊಂದು ಸುತ್ತು ಹೂ ಮುಗಿದಾಗಲೂ ಆ ತುದಿಯನ್ನು ಒಂದು ಜೋಡಿ ಎಲೆ ಸಮೇತ ಚಿವುಟಬೇಕು. ಬಾಡಿದ ಹೂವಿನ ತೊಟ್ಟು ಕಪ್ಪಾಗಿ ಅಲ್ಲೇ ಕೂತಿರುತ್ತದೆ ನೋಡಿ, ಅದನ್ನು ಬಿಟ್ಟರೆ ಚಿಗುರು ತಡ. ಚಿವುಟಿದ ಕಡೆ ಎರಡು ಚಿಗುರು, ಎರಡಕ್ಕೂ ಮೊಗ್ಗು.

ನಮ್ಮಲ್ಲಿ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುವುದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನನ್ನ 12 ಕುಂಡದಿಂದ ಅಟ್ಟೆ ಅಂತೂ ಆಗುವುದಿಲ್ಲ, ಒಳ್ಳೆಯ ದಿನ ಅರ್ಧ ಚೆಂಡು. ದೇವರಿಗೆ, ನನಗೆ, ಕೆಳಗಿನ ಮನೆಯ ಹುಡುಗಿಗೆ ಸಾಕು. ನಿಮ್ಮದು ಒಂದೇ ಗಿಡ, ಒಂದು ಮಾರು ಕನಸು ಕಾಣಬೇಡಿ. ತಲೆಗೆ ಮುಡಿಯುವಷ್ಟು ಖಂಡಿತ.

ನೀಲಿಚೆಂಡು (ಮಡಿಕೇರಿ), ಜನವರಿ 6

ಚಾಟನಿಯವರ ಊಹೆ ಸರಿ. ಇಲ್ಲಿ ಬೇಲಿಗುಂಟ ಇರುವ ಹೈಡ್ರೇಂಜಿಯಾ ಹಳೆ ಕಡ್ಡಿಯ ತುದಿಯಲ್ಲೇ ಹೂ ಬಿಡುವುದು. ಮಳೆಗಾಲ ಕಳೆದು ಚಳಿ ಬಂದಾಗ ತುದಿಯಲ್ಲಿ ದಪ್ಪ ಮೊಗ್ಗು ಕೂರುತ್ತದೆ. ಅದನ್ನೇ ನೀವು ಜನವರಿಯಲ್ಲಿ ತೆಗೆಯುತ್ತಿದ್ದೀರಿ. ಈ ಸಲ ಕತ್ತರಿ ತೋರಿಸಲೂ ಬೇಡಿ. ಹೂ ಬಂದು ಬಣ್ಣ ಕಳೆದುಕೊಂಡ ಕೂಡಲೇ, ತಡ ಮಾಡದೆ, ಚೆಂಡಿನ ಕೆಳಗಿನ ಎರಡನೇ ಜೋಡಿ ದಪ್ಪ ಕಣ್ಣಿನ ಮೇಲೆ ಕತ್ತರಿಸಿ. ಹೂ ಬಿಡದ ಕಡ್ಡಿಯನ್ನು ಮುಟ್ಟಬೇಡಿ, ಮುಂದಿನ ಸಲ ಅದರ ಸರದಿ.

ನೀಲಿಯೇ ಬರುತ್ತದೆ ಅಂತ ಮಾತ್ರ ಕಾಯಬೇಡಿ. ನಮ್ಮ ಮಣ್ಣು ಹುಳಿ, ಅದಕ್ಕೆ ಇಲ್ಲಿ ನೀಲಿ. ಬೋರ್‌ವೆಲ್‌ನ ಸುಣ್ಣದ ನೀರು ಹಾಕುತ್ತಿದ್ದರೆ ಅದೇ ಗಿಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನರ್ಸರಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ.

ಹಿತ್ತಿಲುಬಾಗಿಲು (ಸಾಗರ ತಾಲ್ಲೂಕು), ಜನವರಿ 6

ಅಯ್ಯೋ, ಸೇವಂತಿಗೆಗೆ ಲೈಟಿನ ವಿಷಯ ಈ ವಯಸ್ಸಿನಲ್ಲಿ ಗೊತ್ತಾಯಿತು. ನಮ್ಮ ಅಂಗಳದ ತುದಿಯ ಗಿಡವೂ ಎರಡು ವರ್ಷದಿಂದ ಹೂ ಬಿಟ್ಟಿರಲಿಲ್ಲ. ಪಂಚಾಯ್ತಿಯವರು ಕಂಬಕ್ಕೆ ಹೊಸ ದೀಪ ಹಾಕಿದ ಮೇಲೇ ಹೀಗಾಗಿದ್ದು. ನಾನು ಗೆದ್ದಲು ಅಂದುಕೊಂಡು ಬುಡಕ್ಕೆ ಬೇವಿನ ಹಿಂಡಿ ಸುರಿಯುತ್ತಿದ್ದೆ.

ಮೂರನೇಮಹಡಿ, ಜನವರಿ 20

ಎಲ್ಲರಿಗೂ ದೊಡ್ಡ ನಮಸ್ಕಾರ. ಏನೇನಾಯಿತು ಅಂತ ಹೇಳಿಬಿಡುತ್ತೇನೆ.

ಡೇರೆಗೆ ನೀರು ನಿಲ್ಲಿಸಿ ಕಾದೆ. ಎರಡು ಬಕೆಟ್ ಪೂರ್ತಿ ಒಣಗಿತ್ತು, ಮೊನ್ನೆ ಭಾನುವಾರ ಎತ್ತಿದೆ. ಗೇಣು ಬಿಟ್ಟೇ ಕತ್ತರಿಸಿದ್ದು. ಕತ್ತರಿಸಿದ ಬಾಯಿಯಲ್ಲಿ ನೋಡಿದರೆ ನಿಜವಾಗಲೂ ಪೈಪು. ಜ್ಯೂಸ್ ಕುಡಿಯುವ ಸ್ಟ್ರಾ ಇಳಿಯುವಷ್ಟು ತೂತು. ತಲೆಕೆಳಗೆ ಇಟ್ಟಾಗ ಒಂದರಿಂದ ಅರ್ಧ ಚಮಚ ಕಂದು ನೀರು ಪೇಪರ್ ಮೇಲೆ ಇಳಿಯಿತು. ಒಂದು ಗೆಡ್ಡೆಯ ಕುತ್ತಿಗೆ ನನ್ನ ಕೈಯಲ್ಲೇ ಲಟಕ್ ಅಂತು. ಉಳಿದ ಏಳು ಗಟ್ಟಿಯಾಗಿವೆ. ಕಣ್ಣು ಹುಡುಕಲು ಅತ್ತೆಯವರ ಕನ್ನಡಕ ಹಾಕಿಕೊಂಡು ಕೂತೆ, ಸಾಸಿವೆಕಾಳಿನಷ್ಟು ಉಬ್ಬು ಎರಡು ಕಡೆ ಕಂಡ ಹಾಗಾಯಿತು. ಆಸೆಗೆ ಕಂಡಿದ್ದೋ ಏನೋ. ತೆಂಗಿನ ನಾರಿನ ಪುಡಿಯಲ್ಲಿ ಹುಗಿದು ಮಂಚದ ಕೆಳಗೆ ತಳ್ಳಿದ್ದೇನೆ. ಕೆಂಪಕ್ಕೆ ಕೆಂಪು ಚೂರು, ಹಳದಿಗೆ ಹಳದಿ ಚೂರು. ಅಮ್ಮನಿಗೆ ಫೋನ್ ಮಾಡಿ ಇಲಿಯ ವಿಷಯ ಒಪ್ಪಿಕೊಂಡೆ. "ಮೂರನೇ ಮಹಡಿಗೆ ಇಲಿ ಹತ್ತುವಷ್ಟು ರುಚಿ ಡೇರೆಗೆ ಎಲ್ಲಿಂದ ಬಂತು ಅಂತ ಆವಾಗಲೇ ಅಂದುಕೊಂಡಿದ್ದೆ" ಅಂದಳು.

ಸೇವಂತಿಗೆ ಎರಡು ಬಕೆಟ್ ಬೋಳು. ಒಂದರ ಬುಡದಲ್ಲಿ ಎಣಿಸಿದೆ, 11 ಮರಿ. ಇಷ್ಟು ದಿನ ಒಣ ಎಲೆಯ ಕೆಳಗೆ ಅಡಗಿದ್ದವು. ಮೂರನೆಯದನ್ನು ಟ್ಯಾಂಕ್ ಹಿಂದಕ್ಕೆ ಎಳೆದಿದ್ದೇನೆ. ಮೊಗ್ಗು ಇನ್ನೂ ಇಲ್ಲ. ದಿನಾ ಬೆಳಗ್ಗೆ ಹೋಗಿ ನೋಡೋದು ನೋಡಿ ಯಜಮಾನರು ನಗುತ್ತಾರೆ. ಪಕ್ಕದ ಮನೆಯವರ ಹತ್ತಿರ ಲೈಟಿನ ವಿಷಯ ಎತ್ತಿದೆ. ಹೂವಿಗೆ ತೊಂದರೆ ಅಂದಿದ್ದಕ್ಕೆ ನನ್ನ ಮುಖವನ್ನೇ ಒಂದು ನಿಮಿಷ ನೋಡಿದರು.

ಹೈಡ್ರೇಂಜಿಯಾ ಹತ್ತಿರ ಹೋಗಿಲ್ಲ. ತುದಿಯಲ್ಲಿ ಏನೋ ದಪ್ಪಗಿದೆ, ಮುಟ್ಟಲೂ ಇಲ್ಲ.

ಮಲ್ಲಿಗೆಗೆ ಬಾಳೆನಾರು ಹೇಳಿದ ಹಾಗೇ ಮಾಡಿದೆ. ಗಿಡಕ್ಕಿಂತ ಕತ್ತರಿಸಿದ ರಾಶಿ ದೊಡ್ಡದಾಯಿತು. ಅತ್ತೆಯವರು ಮೆಟ್ಟಿಲ ಹತ್ತಿರ ನಿಂತು ನೋಡುತ್ತಿದ್ದರು, ಒಂದು ಮಾತಾಡಲಿಲ್ಲ. ಕಸದ ಗಾಡಿಗೆ ಹಾಕೋಣ ಅಂತ ಆ ರಾಶಿಯನ್ನು ಚೀಲಕ್ಕೆ ತುಂಬಿ ಇಟ್ಟಿದ್ದೆ. ನಿನ್ನೆ ಹೋಗಿ ನೋಡಿದರೆ ಚೀಲ ಖಾಲಿ. ಕಡ್ಡಿಗಳನ್ನೆಲ್ಲ ಗೇಣುದ್ದ ಕತ್ತರಿಸಿ, ಹಾಲಿನ ಪ್ಯಾಕೆಟ್‌ಗೆ ಮಣ್ಣು ತುಂಬಿ, ಒಂದೊಂದಕ್ಕೆ ಎರಡೆರಡು ಚುಚ್ಚಿ, ನೆರಳಲ್ಲಿ ಸಾಲಾಗಿ ಇಟ್ಟಿದ್ದಾರೆ. 14 ಪ್ಯಾಕೆಟ್.

ಯಾವಾಗ ನೆಟ್ಟಿರಿ ಅಂತ ಕೇಳಿದೆ. "ಶುಕ್ರವಾರ, ನೀನು ಆಫೀಸಿಗೆ ಹೋಗಿದ್ದೆಯಲ್ಲ" ಅಂದರು. ನಾನೂ ಏನೂ ಹೇಳಲಿಲ್ಲ.